ಮಾಳಿಗೆಯ ಮೇಲಿನ ಬೆಳಕು: ಮನೆಯ ಸೌರ ವಿದ್ಯುತ್ತಿಗೆ ಹಣ ಹೊಂದಿಸುವ ಬಗೆ

ಸಂಬಳದ ದಿನ ಮಧ್ಯಮ ವರ್ಗದ ಮನೆಯೊಂದರಲ್ಲಿ ಬರೆಯುವ ಖರ್ಚಿನ ಪಟ್ಟಿಯಲ್ಲಿ ಎರಡು ಬಗೆಯ ವೆಚ್ಚಗಳಿರುತ್ತವೆ. ಒಂದು, ಎಂದಾದರೊಂದು ದಿನ ತೀರುವಂಥದು. ಸಾಲದ ಕಂತು ಈ ಬಗೆಯದು. ಇನ್ನೊಂದು, ಎಂದಿಗೂ ತೀರದಂಥದು. ವಿದ್ಯುತ್ ಬಿಲ್ಲು ಈ ಬಗೆಗೆ ಸೇರಿದೆ. ಇಪ್ಪತ್ತು ವರ್ಷ ತಪ್ಪದೆ ಬಿಲ್ಲು ಕಟ್ಟಿದ ಕುಟುಂಬಕ್ಕೆ ಇಪ್ಪತ್ತೊಂದನೆಯ ವರ್ಷವೂ ಬಿಲ್ಲು ಬರುತ್ತದೆ. ಬಹುಮಟ್ಟಿಗೆ ಮೊದಲಿಗಿಂತ ದೊಡ್ಡದಾಗಿಯೇ ಬರುತ್ತದೆ. ಅದೇ ಮನೆಯ ಮಾಳಿಗೆಯ ಮೇಲೆ ವರ್ಷದ ಬಹುಪಾಲು ದಿನಗಳಲ್ಲಿ ಬಿಸಿಲು ಬಿದ್ದು ವ್ಯರ್ಥವಾಗುತ್ತಿರುತ್ತದೆ.

ಈ ಬಿಸಿಲನ್ನು ವಿದ್ಯುತ್ತಾಗಿ ಪರಿವರ್ತಿಸುವ ತಂತ್ರಜ್ಞಾನ ಇಂದು ಹೊಸದೇನಲ್ಲ. ಅದರ ಪ್ರಯೋಜನವನ್ನು ಬಲ್ಲವರೂ ಕಡಿಮೆಯೇನಿಲ್ಲ. ಆದರೂ ಬಹಳಷ್ಟು ಕುಟುಂಬಗಳು ಒಂದೇ ಪ್ರಶ್ನೆಯ ಮುಂದೆ ನಿಂತುಬಿಡುತ್ತವೆ: ಒಂದೂವರೆ ಲಕ್ಷ ರೂಪಾಯಿಯನ್ನು ಒಮ್ಮೆಲೇ ಎಲ್ಲಿಂದ ತರುವುದು? ತಂದರೂ ಅದು ಮರಳಿ ಬರುವುದೇ? ಈ ಎರಡು ಪ್ರಶ್ನೆಗಳಿಗೆ ಸಾಮಾನ್ಯ ಓದುಗರು ತಾವೇ ಲೆಕ್ಕ ಹಾಕಿ ಉತ್ತರ ಕಂಡುಕೊಳ್ಳಲು ಅನುವಾಗುವಂತೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಬೆಲೆಯಲ್ಲ, ಮುಂಗಡ

ಕಲ್ಲಿದ್ದಲಿನಿಂದ ಉತ್ಪಾದಿಸಿದ ವಿದ್ಯುತ್ತಿಗೆ ಗ್ರಾಹಕನು ಬಳಸಿದಷ್ಟಕ್ಕೆ ತಿಂಗಳು ತಿಂಗಳೂ ಹಣ ಕೊಡುತ್ತಾನೆ. ಸೌರ ವಿದ್ಯುತ್ತಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ಇಲ್ಲಿ ಇಂಧನಕ್ಕೆ ಬೆಲೆಯಿಲ್ಲ. ಯಂತ್ರಕ್ಕೆ ಮಾತ್ರ ಬೆಲೆ. ಆ ಬೆಲೆಯನ್ನು ಮೊದಲ ದಿನವೇ ತೆರಬೇಕು. ಸಾಮಾನ್ಯವಾಗಿ ಸೌರಫಲಕಗಳ ಕಾರ್ಯಕ್ಷಮತೆಗೆ ತಯಾರಕರು 25 ವರ್ಷಗಳ ಭರವಸೆ ನೀಡುತ್ತಾರೆ. ಆದುದರಿಂದ ಫಲಕಗಳನ್ನು ಅಳವಡಿಸುವ ಕುಟುಂಬವು ವಾಸ್ತವದಲ್ಲಿ 25 ವರ್ಷಗಳ ವಿದ್ಯುತ್ತನ್ನು ಮುಂಗಡವಾಗಿ ಖರೀದಿಸುತ್ತಿದೆ ಎಂದೇ ತಿಳಿಯಬೇಕು. ಹೀಗೆ ನೋಡಿದಾಗ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಫಲಕದ ಬೆಲೆ ಎಷ್ಟು ಎಂಬುದಕ್ಕಿಂತ, ತಿಂಗಳ ಕಂತು ತಿಂಗಳ ಬಿಲ್ಲಿಗಿಂತ ಕಡಿಮೆಯಾಗುತ್ತದೆಯೇ ಎಂಬುದು ಮುಖ್ಯವಾಗುತ್ತದೆ.

ಈ ವಿಚಾರವನ್ನು ಬಹಳ ಮೊದಲೇ ಕಾರ್ಯರೂಪಕ್ಕೆ ತಂದ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು ಎಂಬುದು ಗಮನಾರ್ಹ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆಯು ವಿದ್ಯುತ್ ಸಂಪರ್ಕವಿಲ್ಲದ ಹಳ್ಳಿಯ ಮನೆಗಳಿಗೆ ಸೌರದೀಪಗಳನ್ನು ಒದಗಿಸುವಾಗ, ಬಡ ಕುಟುಂಬಗಳು ಅದರ ಬೆಲೆಯನ್ನು ಕಂತುಗಳಲ್ಲಿ ತೀರಿಸಲು ಅನುವಾಗುವಂತೆ ಬ್ಯಾಂಕುಗಳ ಮನವೊಲಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ದಕ್ಷಿಣ ಭಾರತದಲ್ಲಿ ಮನೆಬಳಕೆಯ ಸೌರ ಸಲಕರಣೆಗಳಿಗೆ ಸಾಲ ನೀಡುವ ಯೋಜನೆಯನ್ನು ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳ ಮೂಲಕ ಜಾರಿಗೆ ತಂದಿತು. ಕರಾವಳಿಯ ಮಂಗಳೂರು ಮತ್ತು ಉಡುಪಿಗಳಲ್ಲಿ ಹುಟ್ಟಿದ ಈ ಎರಡು ಬ್ಯಾಂಕುಗಳು 2020ರ ಏಪ್ರಿಲ್ 1ರಂದು ವಿಲೀನಗೊಂಡವು. ಬಡವನು ಸೌರದೀಪದ ಸಾಲ ತೀರಿಸಬಲ್ಲನೇ ಎಂಬ ಸಂದೇಹಕ್ಕೆ ಉತ್ತರ ದೊರೆತದ್ದು ಇಂತಹ ಪ್ರಯತ್ನಗಳಿಂದಲೇ. ಸೀಮೆಎಣ್ಣೆಗೆ ಕೊಡುತ್ತಿದ್ದ ಹಣವೇ ಕಂತಾಗಿ ಪರಿಣಮಿಸಿದಾಗ ಸಾಲವು ಹೊರೆಯೆನಿಸುವುದಿಲ್ಲ. ನಗರದ ಮನೆಗಳ ಲೆಕ್ಕಾಚಾರಕ್ಕೂ ಇಂದು ಇದೇ ಸೂತ್ರ ಅನ್ವಯಿಸುತ್ತದೆ.

ವ್ಯವಸ್ಥೆಯ ಪರಿಚಯ

ಸೌರಫಲಕವು ಬಿಸಿಲಿನಿಂದ ಏಕಮುಖ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಇನ್ವರ್ಟರ್ ಅದನ್ನು ಮನೆಯಲ್ಲಿ ಬಳಸುವ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಹಗಲಿನಲ್ಲಿ ಮನೆಯ ಬಳಕೆಗೆ ಮಿಕ್ಕಿದ ವಿದ್ಯುತ್ತು ವಿತರಣಾ ಕಂಪನಿಯ ತಂತಿಗೆ ಹೋಗುತ್ತದೆ. ರಾತ್ರಿ ಬೇಕಾದ ವಿದ್ಯುತ್ತು ಅದೇ ತಂತಿಯಿಂದ ಬರುತ್ತದೆ. ಹೋದದ್ದನ್ನೂ ಬಂದದ್ದನ್ನೂ ಅಳೆಯುವ ಮಾಪಕಕ್ಕೆ ‘ನೆಟ್ ಮೀಟರ್’ ಎಂದು ಹೆಸರು. ಇವೆರಡರ ವ್ಯತ್ಯಾಸಕ್ಕೆ ಮಾತ್ರ ಗ್ರಾಹಕನು ಹಣ ಕೊಟ್ಟರೆ ಸಾಕು. ಅಂದರೆ ವಿತರಣಾ ಜಾಲವೇ ಒಂದು ಉಗ್ರಾಣದಂತೆ ಕೆಲಸ ಮಾಡುತ್ತದೆ.

ಒಂದು ಕಿಲೋವ್ಯಾಟ್ ಸಾಮರ್ಥ್ಯದ ಘಟಕಕ್ಕೆ ನೆರಳು ಬೀಳದ ಸುಮಾರು 10 ಚದರ ಮೀಟರ್ ಜಾಗ ಬೇಕಾಗುತ್ತದೆ. ಅಂತಹ ಘಟಕವು ಋತುಮಾನಕ್ಕೂ ಸ್ಥಳಕ್ಕೂ ಅನುಗುಣವಾಗಿ ತಿಂಗಳಿಗೆ ಸರಾಸರಿ 100ರಿಂದ 120 ಯೂನಿಟ್ ವಿದ್ಯುತ್ ನೀಡುತ್ತದೆ. ನೀರಿನ ಟ್ಯಾಂಕು, ಪಕ್ಕದ ಎತ್ತರದ ಕಟ್ಟಡ ಅಥವಾ ತೆಂಗಿನ ಮರದ ನೆರಳು ಫಲಕದ ಒಂದು ಭಾಗದ ಮೇಲೆ ಬಿದ್ದರೂ ಉತ್ಪಾದನೆ ಗಣನೀಯವಾಗಿ ಕುಗ್ಗುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಬ್ಯಾಟರಿ ಇಲ್ಲದ ಸಾಮಾನ್ಯ ಘಟಕವು ವಿದ್ಯುತ್ ಪೂರೈಕೆ ನಿಂತಾಗ ತಾನೂ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುವ ಕೆಲಸಗಾರರ ಪ್ರಾಣರಕ್ಷಣೆಗಾಗಿ ಈ ಏರ್ಪಾಡನ್ನು ಕಡ್ಡಾಯವಾಗಿ ಮಾಡಲಾಗಿದೆ. ಆದುದರಿಂದ ಕರೆಂಟು ಹೋದಾಗಲೂ ದೀಪ ಉರಿಯಬೇಕೆಂಬುದೇ ಮುಖ್ಯ ಉದ್ದೇಶವಾಗಿದ್ದಲ್ಲಿ ಬ್ಯಾಟರಿ ಸಹಿತವಾದ ಬೇರೆ ಬಗೆಯ ವ್ಯವಸ್ಥೆ ಬೇಕು. ಅದಕ್ಕೆ ಹೆಚ್ಚಿನ ವೆಚ್ಚ ತಗಲುತ್ತದೆ. ಎರಡನೆಯದಾಗಿ, ಫಲಕಗಳಷ್ಟು ಕಾಲ ಇನ್ವರ್ಟರ್ ಬಾಳುವುದಿಲ್ಲ. ಸುಮಾರು 10 ವರ್ಷಗಳ ನಂತರ ಅದನ್ನು ಬದಲಾಯಿಸಬೇಕಾಗಬಹುದೆಂದು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಸಹಾಯಧನ ಎಷ್ಟು?

ಮನೆಗಳ ಮೇಲ್ಛಾವಣಿ ಸೌರ ಘಟಕಗಳನ್ನು ಪ್ರೋತ್ಸಾಹಿಸಲು ‘ಪಿಎಂ ಸೂರ್ಯ ಘರ್: ಮುಫ್ತ್ ಬಿಜ್ಲಿ ಯೋಜನೆ’ಯನ್ನು 2024ರ ಫೆಬ್ರವರಿ 13ರಂದು ಆರಂಭಿಸಲಾಯಿತು. ಅದೇ ತಿಂಗಳ 29ರಂದು ಕೇಂದ್ರ ಸಚಿವ ಸಂಪುಟವು 75,021 ಕೋಟಿ ರೂಪಾಯಿಗಳ ವೆಚ್ಚಕ್ಕೆ ಅನುಮೋದನೆ ನೀಡಿತು. 2026–27ನೇ ಹಣಕಾಸು ವರ್ಷದೊಳಗೆ ಒಂದು ಕೋಟಿ ಮನೆಗಳನ್ನು ತಲುಪುವ ಗುರಿಯನ್ನು ಇಟ್ಟುಕೊಳ್ಳಲಾಗಿದೆ. 2025ರ ಮಾರ್ಚ್ ವೇಳೆಗೆ ಘಟಕ ಅಳವಡಿಸಿಕೊಂಡ ಮನೆಗಳ ಸಂಖ್ಯೆ 10 ಲಕ್ಷವನ್ನು ದಾಟಿತ್ತು.

ಮೊದಲ 2 ಕಿಲೋವ್ಯಾಟ್‌ಗಳಿಗೆ ಮಾನಕ ವೆಚ್ಚದ ಶೇ. 60ರಷ್ಟು, ಮೂರನೆಯ ಕಿಲೋವ್ಯಾಟ್‌ಗೆ ಶೇ. 40ರಷ್ಟು ಸಹಾಯಧನ ದೊರೆಯುತ್ತದೆ. ಸರ್ಕಾರವು ಮಾನಕ ವೆಚ್ಚವನ್ನು ಮೊದಲ ಎರಡು ಕಿಲೋವ್ಯಾಟ್‌ಗಳಿಗೆ ತಲಾ 50,000 ರೂ. ಎಂದೂ ಮೂರನೆಯದಕ್ಕೆ 45,000 ರೂ. ಎಂದೂ ನಿಗದಿಪಡಿಸಿದೆ. ಇದರ ಪ್ರಕಾರ ಸಹಾಯಧನದ ಮೊತ್ತ ಹೀಗಿದೆ:

1 ಕಿಲೋವ್ಯಾಟ್ ಘಟಕಕ್ಕೆ 30,000 ರೂ.
2 ಕಿಲೋವ್ಯಾಟ್ ಘಟಕಕ್ಕೆ 60,000 ರೂ.
3 ಕಿಲೋವ್ಯಾಟ್ ಮತ್ತು ಅದಕ್ಕೂ ಹೆಚ್ಚಿನ ಘಟಕಕ್ಕೆ 78,000 ರೂ.

ಮೂರು ಕಿಲೋವ್ಯಾಟ್‌ಗಿಂತ ದೊಡ್ಡ ಘಟಕವನ್ನು ಅಳವಡಿಸಿದರೂ ಸಹಾಯಧನ 78,000 ರೂಪಾಯಿಗಳನ್ನು ಮೀರುವುದಿಲ್ಲ. ಕೆಲವು ರಾಜ್ಯ ಸರ್ಕಾರಗಳು ಇದರ ಜೊತೆಗೆ ತಮ್ಮ ಪಾಲನ್ನೂ ಸೇರಿಸುತ್ತವೆ. ದೆಹಲಿ ಸರ್ಕಾರವು 2025ರಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ 30,000 ರೂ. ಹೆಚ್ಚುವರಿ ಸಹಾಯಧನವನ್ನು ಮಂಜೂರು ಮಾಡಿತು. 2025ರ ಸೆಪ್ಟೆಂಬರ್ 22ರಿಂದ ಸೌರ ಸಲಕರಣೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಗುತ್ತಿಗೆದಾರರು ನೀಡುವ ದರಪಟ್ಟಿಯಲ್ಲಿ ಈ ಇಳಿಕೆ ಕಾಣಿಸಿದೆಯೇ ಎಂಬುದನ್ನು ಗ್ರಾಹಕರು ಪರಿಶೀಲಿಸಬೇಕು.

ಸಹಾಯಧನದ ಬಗ್ಗೆ ನೆನಪಿಡಬೇಕಾದ ಮುಖ್ಯ ಅಂಶವೊಂದಿದೆ. ಈ ಹಣ ಮುಂಗಡವಾಗಿ ಬರುವುದಿಲ್ಲ. ಘಟಕ ಸ್ಥಾಪನೆಯಾಗಿ, ನೆಟ್ ಮೀಟರ್ ಅಳವಟ್ಟು, ವಿತರಣಾ ಕಂಪನಿಯ ತಪಾಸಣೆ ಮುಗಿದ ಮೇಲೆ ಅದು ನೇರವಾಗಿ ಫಲಾನುಭವಿಯ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅಲ್ಲಿಯವರೆಗಿನ ಪೂರ್ಣ ವೆಚ್ಚವನ್ನು ಕುಟುಂಬವೇ ಹೊಂದಿಸಿಕೊಳ್ಳಬೇಕು. ಸಾಲದ ಅಗತ್ಯ ಎದುರಾಗುವುದು ಇಲ್ಲಿಯೇ.

ಸಾಲದ ಸೌಲಭ್ಯ

3 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ಬ್ಯಾಂಕುಗಳು ಯಾವುದೇ ಆಸ್ತಿಯ ಅಡಮಾನವಿಲ್ಲದೆ 2 ಲಕ್ಷ ರೂಪಾಯಿಗಳವರೆಗೆ ಸಾಲ ನೀಡುತ್ತವೆ. ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ಅರ್ಧ ಪರ್ಸೆಂಟ್ ಸೇರಿಸಿ ಇದರ ಬಡ್ಡಿಯನ್ನು ನಿಗದಿಪಡಿಸುವ ಏರ್ಪಾಡಿದೆ. ಯೋಜನೆ ಆರಂಭವಾದಾಗ ರೆಪೊ ದರ ಶೇ. 6.5 ಇದ್ದುದರಿಂದ ಬಡ್ಡಿ ಶೇ. 7ರಷ್ಟಿತ್ತು. 2025ರಲ್ಲಿ ರೆಪೊ ದರವನ್ನು ಹಂತಹಂತವಾಗಿ ಇಳಿಸಿ ಡಿಸೆಂಬರ್‌ನಲ್ಲಿ ಶೇ. 5.25ಕ್ಕೆ ತರಲಾಯಿತು. ಸಾಲ ಪಡೆಯುವ ದಿನದಂದು ಜಾರಿಯಲ್ಲಿರುವ ದರವನ್ನು ಬ್ಯಾಂಕಿನಲ್ಲಿ ವಿಚಾರಿಸಿ ತಿಳಿಯಬೇಕು. ವೆಚ್ಚದ ಒಂದು ಸಣ್ಣ ಭಾಗವನ್ನು, ಸಾಮಾನ್ಯವಾಗಿ ಹತ್ತನೆಯ ಒಂದಂಶವನ್ನು, ಸಾಲಗಾರರು ಸ್ವಂತವಾಗಿ ಭರಿಸಬೇಕಾಗುತ್ತದೆ. ‘ಜನ ಸಮರ್ಥ್’ ಪೋರ್ಟಲ್ ಮೂಲಕವೂ ಸಾಲಕ್ಕೆ ಅರ್ಜಿ ಸಲ್ಲಿಸಬಹುದು.

ಮನೆಬಾಗಿಲಿಗೆ ಬರುವ ಕೆಲವು ಮಾರಾಟಗಾರರು ತಾವೇ ಸಾಲ ಕೊಡಿಸುವುದಾಗಿ ಹೇಳುವುದುಂಟು. ಅದು ಮೇಲೆ ಹೇಳಿದ ಸೌರ ಸಾಲವೋ ಅಥವಾ ಹೆಚ್ಚಿನ ಬಡ್ಡಿಯ ವೈಯಕ್ತಿಕ ಸಾಲವೋ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ ತಿಳಿಯಬೇಕು. ಈ ಒಂದು ಪ್ರಶ್ನೆಯಿಂದ ಉಳಿಯುವ ಹಣವೆಷ್ಟು ಎಂಬುದು ಮುಂದಿನ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಒಂದು ಮನೆಯ ಲೆಕ್ಕ

ಉದಾಹರಣೆಗೆ, ಪುಣೆಯಲ್ಲಿ ಸ್ವಂತ ಮನೆಯುಳ್ಳ ಒಂದು ಕುಟುಂಬವು ತಿಂಗಳಿಗೆ 280 ಯೂನಿಟ್ ವಿದ್ಯುತ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. 3 ಕಿಲೋವ್ಯಾಟ್ ಘಟಕಕ್ಕೆ ಗುತ್ತಿಗೆದಾರರು 1,50,000 ರೂ. ದರ ಹೇಳಿದ್ದಾರೆ. ಕುಟುಂಬವು 15,000 ರೂ. ಸ್ವಂತ ಹಣ ಹಾಕಿ, 1,35,000 ರೂ. ಸಾಲವನ್ನು ಶೇ. 7ರ ಬಡ್ಡಿಗೆ 7 ವರ್ಷಗಳ ಅವಧಿಗೆ ಪಡೆಯುತ್ತದೆ. ಆಗ ತಿಂಗಳ ಕಂತು ಸುಮಾರು 2,040 ರೂ. ಆಗುತ್ತದೆ. ಸಹಾಯಧನದ 78,000 ರೂ. ಬಂದ ಕೂಡಲೇ ಅದನ್ನು ಸಾಲದ ಖಾತೆಗೆ ತುಂಬಿದರೆ ಉಳಿಯುವ ಸಾಲ ಸುಮಾರು 57,000 ರೂ. ಮಾತ್ರ.

ಈಗ ಕುಟುಂಬದ ಮುಂದೆ ಎರಡು ದಾರಿಗಳಿವೆ. ಉಳಿದ ಸಾಲವನ್ನು ಪುನಃ 7 ವರ್ಷಗಳಿಗೆ ಹಂಚಿಕೊಂಡರೆ ಕಂತು 860 ರೂಪಾಯಿಗಳಿಗೆ ಇಳಿಯುತ್ತದೆ. ಒಟ್ಟು ಬಡ್ಡಿ ಸುಮಾರು 15,000 ರೂ. ಆಗುತ್ತದೆ. ಹಳೆಯ 2,040 ರೂಪಾಯಿಗಳ ಕಂತನ್ನೇ ಮುಂದುವರಿಸಿದರೆ ಸುಮಾರು ಎರಡೂವರೆ ವರ್ಷಗಳಲ್ಲಿ ಸಾಲ ತೀರುತ್ತದೆ. ಬಡ್ಡಿ ಐದೂವರೆ ಸಾವಿರದ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದೇ 57,000 ರೂಪಾಯಿಗಳನ್ನು ಶೇ. 14ರ ವೈಯಕ್ತಿಕ ಸಾಲವಾಗಿ 7 ವರ್ಷಗಳಿಗೆ ಪಡೆದಿದ್ದರೆ ಬಡ್ಡಿಯೇ 32,000 ರೂಪಾಯಿಗಳನ್ನು ಮೀರುತ್ತಿತ್ತು.

ಇನ್ನು ಆದಾಯದ ಕಡೆ ನೋಡೋಣ. ಮೂರು ಕಿಲೋವ್ಯಾಟ್ ಘಟಕವು ಎಚ್ಚರಿಕೆಯ ಲೆಕ್ಕದಲ್ಲಿಯೂ ತಿಂಗಳಿಗೆ 300 ಯೂನಿಟ್ ನೀಡುವುದರಿಂದ ಈ ಮನೆಯ ಬಳಕೆ ಪೂರ್ತಿಯಾಗಿ ಸರಿದೂಗುತ್ತದೆ. ನಿಗದಿತ ಶುಲ್ಕ ಬಿಟ್ಟು ಯೂನಿಟ್‌ಗೆ ಸರಾಸರಿ 7 ರೂ. ತೆರುತ್ತಿದ್ದಲ್ಲಿ ತಿಂಗಳಿಗೆ 1,960 ರೂ. ಉಳಿಯುತ್ತದೆ. 860 ರೂಪಾಯಿಗಳ ಕಂತು ಕಟ್ಟಿಯೂ ಸಾವಿರ ರೂಪಾಯಿಗಳಿಗಿಂತ ಹೆಚ್ಚು ಕೈಯಲ್ಲಿ ನಿಲ್ಲುತ್ತದೆ. ಸರಾಸರಿ ದರ 4 ರೂ. ಇದ್ದಲ್ಲಿ ಉಳಿತಾಯ 1,120 ರೂ. ಮಾತ್ರ, ಕಂತು ಕಳೆದರೆ ಮಿಗುವುದು 260 ರೂ. ಬಿಲ್ಲಿನಲ್ಲಿರುವ ನಿಗದಿತ ಶುಲ್ಕವನ್ನು ಸೌರ ಘಟಕವಿದ್ದರೂ ಕಟ್ಟಲೇಬೇಕಾದುದರಿಂದ ಅದನ್ನು ಉಳಿತಾಯದಲ್ಲಿ ಸೇರಿಸಬಾರದು.

ಓದುಗರು ತಮ್ಮ ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಸರಾಸರಿ ಬಳಕೆ ಮತ್ತು ಯೂನಿಟ್‌ಗೆ ತೆತ್ತ ಸರಾಸರಿ ದರ ಇವೆರಡನ್ನು ಕಂಡುಕೊಂಡರೆ ಇದೇ ಲೆಕ್ಕವನ್ನು ತಮ್ಮ ಮನೆಗೂ ಮಾಡಬಹುದು. ಬೇಸಿಗೆಯ ಒಂದು ಬಿಲ್ಲನ್ನು ಮಾತ್ರ ನೋಡಿ ತೀರ್ಮಾನಿಸುವುದು ಸರಿಯಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು

ತಿಂಗಳಿಗೆ 150 ಯೂನಿಟ್‌ವರೆಗೆ ಬಳಸುವವರಿಗೆ 1ರಿಂದ 2 ಕಿಲೋವ್ಯಾಟ್, 150ರಿಂದ 300 ಯೂನಿಟ್ ಬಳಸುವವರಿಗೆ 2ರಿಂದ 3 ಕಿಲೋವ್ಯಾಟ್ ಸಾಮರ್ಥ್ಯದ ಘಟಕ ಸೂಕ್ತವೆಂದು ಯೋಜನೆಯಲ್ಲಿ ಸೂಚಿಸಲಾಗಿದೆ. ಅಗತ್ಯಕ್ಕಿಂತ ದೊಡ್ಡ ಘಟಕವನ್ನು ಹಾಕಿಸಿ ಮಿಕ್ಕ ವಿದ್ಯುತ್ತನ್ನು ಮಾರಿ ಹಣ ಗಳಿಸಬಹುದೆಂಬ ಪ್ರಚಾರಕ್ಕೆ ಮರುಳಾಗಬಾರದು. ವರ್ಷದ ಕೊನೆಯಲ್ಲಿ ಉಳಿಯುವ ಹೆಚ್ಚುವರಿ ಯೂನಿಟ್‌ಗಳಿಗೆ ವಿತರಣಾ ಕಂಪನಿಯು ಕೊಡುವ ದರ ಸಾಮಾನ್ಯವಾಗಿ ಗ್ರಾಹಕನು ತೆರುವ ದರಕ್ಕಿಂತ ಬಹಳ ಕಡಿಮೆ. ಮನೆಯಲ್ಲಿ ಬಳಸಿದ ಯೂನಿಟ್‌ನಿಂದಲೇ ಹೆಚ್ಚು ಲಾಭ.

ಯಾರಿಗೆ ಈ ಸಾಲ ಲಾಭದಾಯಕವಲ್ಲ ಎಂಬುದನ್ನೂ ಹೇಳುವುದು ಅಗತ್ಯ. ಹಲವು ರಾಜ್ಯಗಳು ಕಡಿಮೆ ಬಳಕೆಯ ಮನೆಗಳಿಗೆ ಈಗಾಗಲೇ ವಿದ್ಯುತ್ತನ್ನು ಉಚಿತವಾಗಿ ನೀಡುತ್ತಿವೆ. ದೆಹಲಿಯಲ್ಲಿ 2019ರಿಂದ, ಕರ್ನಾಟಕದಲ್ಲಿ 2023ರಿಂದ, ತೆಲಂಗಾಣದಲ್ಲಿ 2024ರಿಂದ ತಿಂಗಳಿಗೆ 200 ಯೂನಿಟ್‌ಗಳ ಮಿತಿಯೊಳಗೆ ಇಂತಹ ಸೌಲಭ್ಯ ಜಾರಿಗೆ ಬಂದಿದೆ. ತಮಿಳುನಾಡಿನಲ್ಲಿ 2016ರಿಂದ ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಮೊದಲ 100 ಯೂನಿಟ್‌ಗಳಿಗೆ ಶುಲ್ಕವಿಲ್ಲ. ಈಗಾಗಲೇ ಶೂನ್ಯ ಬಿಲ್ಲು ಪಡೆಯುತ್ತಿರುವ ಕುಟುಂಬವು ಸಾಲ ಮಾಡಿ ಫಲಕ ಹಾಕಿಸಿದರೆ ಉಳಿಯುವುದು ಅತ್ಯಲ್ಪ. ಕಂತು ಮಾತ್ರ ನಿಶ್ಚಿತ. ಆದರೆ ದೆಹಲಿಯ ಸೌರ ನೀತಿ–2023ರಲ್ಲಿ 3 ಕಿಲೋವ್ಯಾಟ್‌ವರೆಗಿನ ಮನೆಘಟಕಗಳು ಉತ್ಪಾದಿಸುವ ಪ್ರತಿ ಯೂನಿಟ್‌ಗೆ 3 ರೂ. ಪ್ರೋತ್ಸಾಹಧನವನ್ನು ಐದು ವರ್ಷ ನೀಡುವ ಅವಕಾಶ ಕಲ್ಪಿಸಿರುವುದರಿಂದ ಅಲ್ಲಿನ ಲೆಕ್ಕ ಬೇರೆಯಾಗುತ್ತದೆ. ಹೀಗೆ ಒಂದು ನಗರದಲ್ಲಿ ಸರಿಯಾದ ನಿರ್ಧಾರ ಮತ್ತೊಂದು ನಗರದಲ್ಲಿ ತಪ್ಪಾಗಬಹುದು. ಹಾಗಾಗಿ ಬೇರೆ ನಗರದಲ್ಲಿರುವ ಬಂಧುಗಳ ಅನುಭವವನ್ನು ಮಾತ್ರ ನಂಬಿ ಮುಂದುವರಿಯಬಾರದು.

ಫ್ಲ್ಯಾಟಿನ ನಿವಾಸಿಗಳು, ಬಾಡಿಗೆದಾರರು

ಮುಂಬಯಿ, ಚೆನ್ನೈ, ಹೈದರಾಬಾದ್‌ಗಳಂತಹ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುತ್ತಾರೆ. ಅಲ್ಲಿ ಮಾಳಿಗೆ ಒಬ್ಬರ ಸ್ವತ್ತಲ್ಲ. ಇಂತಹವರಿಗೆ ಗೃಹ ಸಹಕಾರ ಸಂಘ ಅಥವಾ ನಿವಾಸಿಗಳ ಸಂಘದ ಮೂಲಕ ದಾರಿಯಿದೆ. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ, ವಿದ್ಯುತ್ ವಾಹನಗಳ ಚಾರ್ಜಿಂಗ್ ಮುಂತಾದ ಸಾಮೂಹಿಕ ಬಳಕೆಗಾಗಿ ಸ್ಥಾಪಿಸುವ ಘಟಕಗಳಿಗೆ ಪ್ರತಿ ಕಿಲೋವ್ಯಾಟ್‌ಗೆ 18,000 ರೂ. ಸಹಾಯಧನ ದೊರೆಯುತ್ತದೆ. ಮನೆಯೊಂದಕ್ಕೆ 3 ಕಿಲೋವ್ಯಾಟ್‌ನಂತೆ ಲೆಕ್ಕ ಹಾಕಿ ಗರಿಷ್ಠ 500 ಕಿಲೋವ್ಯಾಟ್‌ವರೆಗೆ ಇದು ಅನ್ವಯಿಸುತ್ತದೆ. ಸಾಮೂಹಿಕ ವಿದ್ಯುತ್ ವೆಚ್ಚ ಇಳಿದರೆ ಪ್ರತಿ ಮನೆಯ ನಿರ್ವಹಣಾ ಶುಲ್ಕವೂ ಇಳಿಯಲು ಸಾಧ್ಯ. ಇದಕ್ಕೆ ಸಂಘದ ಸಭೆಯಲ್ಲಿ ನಿರ್ಣಯ ಅಂಗೀಕಾರವಾಗಬೇಕು. ಕಳೆದ ವರ್ಷದ ಸಾಮೂಹಿಕ ಬಿಲ್ಲುಗಳನ್ನೂ ಕನಿಷ್ಠ ಮೂರು ದರಪಟ್ಟಿಗಳನ್ನೂ ಸಭೆಯ ಮುಂದಿಟ್ಟರೆ ಚರ್ಚೆ ವಾದವಿವಾದಕ್ಕೆ ತಿರುಗದೆ ಲೆಕ್ಕದ ಮೇಲೆ ನಡೆಯುತ್ತದೆ.

ಬಂಡವಾಳ ಹಾಕಲು ಇಚ್ಛಿಸದವರಿಗೆ ಇನ್ನೊಂದು ಕ್ರಮವೂ ಇದೆ. ಇದರಲ್ಲಿ ಸೇವಾ ಕಂಪನಿಯೊಂದು ತನ್ನ ಖರ್ಚಿನಲ್ಲಿ ಘಟಕವನ್ನು ಸ್ಥಾಪಿಸಿ, ಉತ್ಪಾದನೆಯಾದ ವಿದ್ಯುತ್ತಿಗೆ ಯೂನಿಟ್ ಲೆಕ್ಕದಲ್ಲಿ ಹಣ ಪಡೆಯುತ್ತದೆ. ಈ ಕ್ರಮಕ್ಕೂ ಯೋಜನೆಯಲ್ಲಿ ಅವಕಾಶ ಕಲ್ಪಿಸಿ 2024ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಲಾಗಿದೆ. ಒಪ್ಪಂದದ ಅವಧಿ ಎಷ್ಟು, ಯೂನಿಟ್ ದರ ವರ್ಷದಿಂದ ವರ್ಷಕ್ಕೆ ಏರುವುದೇ, ಅವಧಿ ಮುಗಿದ ಮೇಲೆ ಘಟಕ ಯಾರಿಗೆ ಸೇರುತ್ತದೆ ಎಂಬ ಮೂರು ಅಂಶಗಳನ್ನು ಓದಿಯೇ ಸಹಿ ಹಾಕಬೇಕು.

ಊರಿನಲ್ಲಿ ಸ್ವಂತ ಮನೆಯಿದ್ದು ನಗರದಲ್ಲಿ ಬಾಡಿಗೆಗೆ ಇರುವವರು ಊರಿನ ಮನೆಯ ಮೇಲೆ ಫಲಕ ಹಾಕಿಸುವ ಬಗ್ಗೆ ಯೋಚಿಸುವುದು ಸಹಜ. ವಿದ್ಯುತ್ ಸಂಪರ್ಕವು ಅರ್ಜಿದಾರರ ಹೆಸರಿನಲ್ಲಿದ್ದು, ಆ ಮನೆಗೆ ಹಿಂದೆ ಸೌರಫಲಕದ ಸಹಾಯಧನ ಪಡೆದಿಲ್ಲದಿದ್ದರೆ ಅರ್ಜಿ ಸಲ್ಲಿಸಬಹುದು. ತಂದೆತಾಯಿಗಳು ವಾಸವಾಗಿದ್ದು ಬಿಲ್ಲು ಬರುತ್ತಿರುವ ಮನೆಯಾದರೆ ಇದು ಉಪಯುಕ್ತ. ವರ್ಷಕ್ಕೊಮ್ಮೆ ಜಾತ್ರೆಗೋ ಹಬ್ಬಕ್ಕೋ ಬಾಗಿಲು ತೆರೆಯುವ ಮನೆಯಾದರೆ ಉತ್ಪಾದನೆಯಾದ ವಿದ್ಯುತ್ತು ಅಗ್ಗದ ದರಕ್ಕೆ ಹೋಗುತ್ತದೆ. ಫಲಕದ ಮೇಲಿನ ಧೂಳು ಒರೆಸುವವರೂ ಇರುವುದಿಲ್ಲ.

ಮೊದಲು ಉಳಿತಾಯ, ಅನಂತರ ಉತ್ಪಾದನೆ

ಸಾಲ ಮಾಡುವುದಕ್ಕೆ ಮುನ್ನ ಮನೆಯ ಬಳಕೆಯನ್ನು ತಗ್ಗಿಸುವುದು ಜಾಣತನ. ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ವಿದ್ಯುತ್ ಬಳಸಿದರೆ, ಬಿಎಲ್‌ಡಿಸಿ ಮೋಟರಿನ ಹೊಸ ಫ್ಯಾನು ಸುಮಾರು 30 ವ್ಯಾಟ್ ಬಳಸುತ್ತದೆ. ದಿನಕ್ಕೆ 12 ಗಂಟೆ ತಿರುಗುವ ನಾಲ್ಕು ಫ್ಯಾನುಗಳನ್ನು ಬದಲಾಯಿಸಿದರೆ ತಿಂಗಳಿಗೆ ಸುಮಾರು 65 ಯೂನಿಟ್ ಉಳಿಯುತ್ತದೆ. ಅರವತ್ತು ವ್ಯಾಟ್‌ನ ಹಳೆಯ ಬಲ್ಬು ಕೊಡುತ್ತಿದ್ದ ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ದೀಪ ಕೊಡುತ್ತದೆ. ದಿನಕ್ಕೆ 100 ಲೀಟರ್ ಸಾಮರ್ಥ್ಯದ ಸೋಲಾರ್ ವಾಟರ್ ಹೀಟರ್ ಮೂರು ನಾಲ್ಕು ಜನರ ಕುಟುಂಬದ ಸ್ನಾನಕ್ಕೆ ಸಾಕಾಗುವುದಲ್ಲದೆ, ವಿದ್ಯುತ್ ಗೀಸರಿಗೆ ಹೋಲಿಸಿದರೆ ವರ್ಷಕ್ಕೆ 1,500 ಯೂನಿಟ್‌ಗಳವರೆಗೆ ಉಳಿಸಬಲ್ಲದು. ಫ್ರಿಜ್ಜು, ಹವಾನಿಯಂತ್ರಕ ಮುಂತಾದವನ್ನು ಕೊಳ್ಳುವಾಗ ಇಂಧನ ದಕ್ಷತಾ ಬ್ಯೂರೊದ ನಕ್ಷತ್ರಚೀಟಿಯನ್ನು ನೋಡಿ ಕೊಳ್ಳಬೇಕು.

ಮೇಲೆ ಹೇಳಿದ ಪುಣೆಯ ಕುಟುಂಬವು ಮೊದಲು ಫ್ಯಾನುಗಳನ್ನು ಬದಲಾಯಿಸಿದ್ದರೆ ಅದರ ಬಳಕೆ 280ರಿಂದ 215 ಯೂನಿಟ್‌ಗೆ ಇಳಿಯುತ್ತಿತ್ತು. ಆಗ 3 ಕಿಲೋವ್ಯಾಟ್‌ನ ಬದಲು 2 ಕಿಲೋವ್ಯಾಟ್ ಘಟಕವೇ ಬಹುಮಟ್ಟಿಗೆ ಸಾಕಾಗುತ್ತಿತ್ತು. ಸಹಾಯಧನದ ಪ್ರಮಾಣ ಹೆಚ್ಚಿರುವುದೂ ಮೊದಲ ಎರಡು ಕಿಲೋವ್ಯಾಟ್‌ಗಳಿಗೇ. ಮಾನಕ ವೆಚ್ಚದ ಪ್ರಕಾರ ಕುಟುಂಬದ ಪಾಲಿಗೆ ಬರುವ ಹೊರೆ 67,000 ರೂಪಾಯಿಗಳಿಂದ 40,000 ರೂಪಾಯಿಗಳಿಗೆ ಇಳಿಯುತ್ತದೆ. ಬಾಡಿಗೆದಾರರಿಗೂ ಈ ಮಾತು ಅನ್ವಯಿಸುತ್ತದೆ. ಮನೆ ಬದಲಾಯಿಸುವಾಗ ಫ್ಯಾನು, ದೀಪಗಳನ್ನು ಜೊತೆಗೆ ಕೊಂಡೊಯ್ಯಬಹುದು.

ಅರ್ಜಿ ಸಲ್ಲಿಸುವ ಕ್ರಮ

ಪಿಎಂ ಸೂರ್ಯ ಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ರಾಜ್ಯ, ವಿತರಣಾ ಕಂಪನಿ, ವಿದ್ಯುತ್ ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆಯನ್ನು ನಮೂದಿಸಿ ನೋಂದಾಯಿಸಿಕೊಳ್ಳಬೇಕು. ಅನಂತರ ಅರ್ಜಿ ಸಲ್ಲಿಸಿ, ಪೋರ್ಟಲ್‌ನಲ್ಲಿ ನೋಂದಾಯಿತರಾದ ಗುತ್ತಿಗೆದಾರರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು. ನೋಂದಾಯಿತರಲ್ಲದವರಿಂದ ಕೆಲಸ ಮಾಡಿಸಿದರೆ ಸಹಾಯಧನ ದೊರೆಯುವುದಿಲ್ಲ. ಭಾರತದಲ್ಲಿ ತಯಾರಾದ ಸೌರಕೋಶಗಳಿಂದ ಮಾಡಿದ ದೇಶೀಯ ಫಲಕಗಳನ್ನೇ ಬಳಸಿರಬೇಕೆಂಬುದೂ ಒಂದು ನಿಬಂಧನೆ. ಅಗ್ಗದ ದರ ಹೇಳುವವರು ಯಾವ ಫಲಕ ಹಾಕುತ್ತಾರೆಂಬುದನ್ನು ಲಿಖಿತವಾಗಿ ಪಡೆಯುವುದು ಲೇಸು.

2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಈ ವಿಷಯದಲ್ಲಿ ಗ್ರಾಹಕರಿಗೆ ಬಲ ನೀಡಿವೆ. 10 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ತಾಂತ್ರಿಕ ಸಾಧ್ಯತಾ ಅಧ್ಯಯನದ ಅಗತ್ಯವಿಲ್ಲ. 5 ಕಿಲೋವ್ಯಾಟ್‌ವರೆಗಿನ ಘಟಕಕ್ಕಾಗಿ ವಿತರಣಾ ಜಾಲವನ್ನು ಬಲಪಡಿಸಬೇಕಾಗಿ ಬಂದರೆ ಆ ವೆಚ್ಚವನ್ನು ಕಂಪನಿಯೇ ಭರಿಸಬೇಕು. ಘಟಕವನ್ನು ಚಾಲನೆಗೊಳಿಸಲು ಕಂಪನಿಗಿದ್ದ 30 ದಿನಗಳ ಕಾಲಾವಧಿಯನ್ನು 15 ದಿನಗಳಿಗೆ ಇಳಿಸಲಾಗಿದೆ.

ತಪಾಸಣೆ ಮುಗಿದು ಪ್ರಮಾಣಪತ್ರ ದೊರೆತ ನಂತರ ಬ್ಯಾಂಕ್ ಖಾತೆಯ ವಿವರ ಮತ್ತು ರದ್ದುಪಡಿಸಿದ ಚೆಕ್ಕನ್ನು ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಗುತ್ತಿಗೆದಾರರು ಐದು ವರ್ಷಗಳ ಕಾಲ ಘಟಕದ ನಿರ್ವಹಣೆ ಮಾಡಿಕೊಡಬೇಕಾದುದು ಕಡ್ಡಾಯವಾದುದರಿಂದ ಒಪ್ಪಂದದಲ್ಲಿ ಆ ಷರತ್ತು ಇದೆಯೇ ಎಂದು ನೋಡಬೇಕು. ಪೂರ್ಣ ಹಣವನ್ನು ಒಮ್ಮೆಲೇ ಕೊಡದೆ ಕೆಲಸದ ಹಂತಗಳಿಗೆ ಅನುಗುಣವಾಗಿ ಪಾವತಿಸುವುದು ಉತ್ತಮ. ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಲು ಶುಲ್ಕವಿಲ್ಲ. ಸಹಾಯಧನ ಬಿಡುಗಡೆ ಮಾಡಿಸುವುದಾಗಿ ಹಣ ಕೇಳುವವರನ್ನು, ಫೋನಿನಲ್ಲಿ ಒಟಿಪಿ ಕೇಳುವವರನ್ನು ನಂಬಬಾರದು. ಸಂದೇಹಗಳಿದ್ದಲ್ಲಿ 15555 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು.

ಕೊನೆಯದಾಗಿ

ಯೋಜನೆಯ ಹೆಸರಿನಲ್ಲಿ ಉಚಿತ ವಿದ್ಯುತ್ ಎಂಬ ಮಾತಿದ್ದರೂ ಅದು ತಾನಾಗಿ ಬರುವುದಿಲ್ಲ. ಸರ್ಕಾರದ ಸಹಾಯಧನ, ಬ್ಯಾಂಕಿನ ಸಾಲ, ಕುಟುಂಬದ ಉಳಿತಾಯ ಮೂರೂ ಸೇರಿದಾಗ, ಸಾಲ ತೀರಿದ ಮರುದಿನದಿಂದ ಆ ಮಾತು ನಿಜವಾಗುತ್ತದೆ. ಮೂರು ಕಿಲೋವ್ಯಾಟ್ ಘಟಕವೊಂದು ವರ್ಷಕ್ಕೆ ನೀಡುವ ಸುಮಾರು 3,600 ಯೂನಿಟ್‌ಗಳಷ್ಟು ವಿದ್ಯುತ್ತನ್ನು ದೇಶದ ಈಗಿನ ವಿದ್ಯುತ್ ಜಾಲದಿಂದ ಪಡೆದಿದ್ದರೆ ಎರಡೂವರೆ ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತಿತ್ತು. ನಾಡಿಗೆ ಆಗುವ ಈ ಲಾಭಕ್ಕೆ ಮನೆಯ ಲಾಭವೂ ಜೊತೆಗೂಡಬೇಕಾದರೆ ಗುತ್ತಿಗೆದಾರರನ್ನು ಕರೆಸುವ ಮೊದಲು ಹಳೆಯ ಬಿಲ್ಲುಗಳ ಕಟ್ಟನ್ನು ಬಿಚ್ಚಬೇಕು. ಹನ್ನೆರಡು ಬಿಲ್ಲು, ಒಂದು ಪೆನ್ಸಿಲು, ಅರ್ಧ ಗಂಟೆಯ ಸಮಾಧಾನ ಇಷ್ಟಿದ್ದರೆ ಫಲಕ ಬೇಕೇ, ಎಷ್ಟು ದೊಡ್ಡದು ಬೇಕು, ಎಷ್ಟು ಸಾಲ ಮಾಡಬಹುದು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಮನೆಯಲ್ಲೇ ದೊರೆಯುತ್ತದೆ.